ಹೋಗ್ಬಿಟ್ಟು ಬಾ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಕರೆಂಟೂ ಹೋಯಿತು. ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಗುಬ್ಬಿಯ ಮನೆಗೆ ಬಂದು, ಮೇಣದಬತ್ತಿಯ ಬೆಳಕಿನಲ್ಲಿ ಚಿಕ್ಕಜ್ಜಿಯ ಮಂಚದ ಸುತ್ತ ಒತ್ತಿಕೊಂಡು ಕೂತವು. ಗುಬ್ಬಿ ಒಣಗದ ಬಟ್ಟೆಗಳನ್ನು ಕುರ್ಚಿ, ಕಿಟಕಿ ಎಂದು ಕಂಡಕಂಡಲ್ಲಿ ಹರವುತ್ತಿದ್ದಳು. ಅವಳ ಮಗಳು ಮರಿ, ನಾಲ್ಕು ವರ್ಷದವಳು, ತೆರೆದ ಬಾಗಿಲ ಹತ್ತಿರ ಗೊಂಬೆ ಹಿಡಿದು ಕೂತು ಸದ್ದಿಲ್ಲದೆ ತುಟಿಯಾಡಿಸುತ್ತಿದ್ದಳು. ಇತ್ತೀಚೆಗೆ ಅವಳದು ಅದೊಂದು ಆಟ.

"ದೆವ್ವದ ಕತೆ ಹೇಳಜ್ಜಿ!"

"ದೆವ್ವ ಅನ್ಬೇಡ್ರೋ," ಎಂದಳು ಚಿಕ್ಕಜ್ಜಿ. "ನಮ್ಮಕ್ಕ ಅವಳು. ಈ ಗುಬ್ಬಿಯ ಅಜ್ಜಿ."

ಗುಬ್ಬಿಯ ಕೈ ನಿಂತಿತು. ತನ್ನನ್ನು ಸಾಕಿದ ಆ ಅಜ್ಜಿಯದು ಅವಳ ನೆನಪಿನಲ್ಲಿ ಉಳಿದಿದ್ದು ಮಷೀನಿನ ಎಣ್ಣೆಯ ವಾಸನೆ, ಕೆನ್ನೆ ಸವರುವ ಒರಟು ಹೆಬ್ಬೆರಳು, ಅಷ್ಟೇ. ಕೇಳಿದಾಗೆಲ್ಲ ಚಿಕ್ಕಜ್ಜಿ ಮಾತು ಮರೆಸುತ್ತಿದ್ದಳು. ಇವತ್ತು ಗುಬ್ಬಿ ಒದ್ದೆ ಫ್ರಾಕು ಮಡಿಲಲ್ಲಿಟ್ಟುಕೊಂಡೇ ಕೂತುಬಿಟ್ಟಳು.

"ಬೀದಿ ಕೊನೇಲಿ ಖಾಲಿ ಮೈದಾನ ಇದೆಯಲ್ಲ, ಅಲ್ಲೊಂದು ಬಟ್ಟೆ ಮಿಲ್ಲಿತ್ತು. ನಾವಿಬ್ರೂ ಅಲ್ಲೇ, ಮಗ್ಗದ ಮುಂದೆ. ಎಂಥ ಸದ್ದು ಅಂತೀರಿ... ಕಿವೀಲಿ ಕಿರುಚಿದ್ರೂ ಕೇಳ್ತಿರ್ಲಿಲ್ಲ. ಅದಕ್ಕೇ ಎಲ್ರೂ ಬರೀ ತುಟೀಲಿ ಮಾತಾಡ್ತಿದ್ವಿ. ಮೇಸ್ತ್ರೀನ ಬೈಯೋದೂ ತುಟೀಲೇ, ಅವನ ಬೆನ್ನ ಹಿಂದೆ, ನಗ್ತಾ ನಗ್ತಾ! ಅಕ್ಕನಿಗೆ ವಯಸ್ಸಿಗೆ ಮುಂಚೆನೇ ಕಿವಿ ಪೂರ್ತಿ ಹೋಯ್ತು. ಗಂಡ ಹೋದ, ಮಗಳೂ ಈ ಗುಬ್ಬೀನ ಹೆತ್ತು ಹೋದ್ಲು. 'ಕಿವಿ ಮಿಲ್ಲಿಗೆ ಕೊಟ್ಟಾಯ್ತು ಕಣೇ, ಕಣ್ಣು ಗುಬ್ಬಿಗೆ ಅಂತ ಇಟ್ಕೊಂಡಿದೀನಿ' ಅನ್ನೋಳು. ನಿಂತ್ಕೊಂಡೇ ಊಟ, ಕೂತಲ್ಲೇ ನಿದ್ದೆ, ಆದ್ರೂ ಈ ಮಗು ತುಟಿ ಅಲುಗಿದ್ರೆ ಸಾಕು, ಎದ್ದು ಬರೋಳು. ಬೆಳಿಗ್ಗೆ ಅಕ್ಕ ಶಿಫ್ಟಿಗೆ ಹೊರಟ್ರೆ ಇವಳು ಬಾಗಿಲಲ್ಲಿ ನಿಂತು, ತುಟೀಲೇ, 'ಹೋಗ್ಬಿಟ್ಟು ಬಾ' ಅನ್ಬೇಕು. ಅನ್ನೋವರೆಗೂ ಅವಳು ಮೆಟ್ಟಿಲು ಇಳೀತಿರ್ಲಿಲ್ಲ. ಬೇಕಾದವರಿಗೆ ಬರೀ 'ಹೋಗು' ಅಂತ ಯಾರಾದ್ರೂ ಅಂತಾರಾ?"

ಮಳೆ ಜೋರಾಯಿತು.

"ಒಂದಿನ ಮಗ್ಗದ ಮುಂದೇನೇ ಕುಸಿದ್ಲು... ಮಾರನೇ ದಿನ ವ್ಯಾನು ಬಂತು. ಎಷ್ಟು ಸಲ ಮುಚ್ಚಿದ್ರೂ ಅವಳ ಒಂದು ಕಣ್ಣು ಅರೆ ತೆರೆದೇ ಇತ್ತು. ಹೊರಗೆ ಎತ್ಕೊಂಡು ಹೋಗುವಾಗ ಈ ಮಗು ಬಾಗಿಲಲ್ಲಿ ನಿಂತಿತ್ತು. ಪಾಪ, ಅಳೋದಕ್ಕೂ ಗೊತ್ತಾಗದೆ ಸುಮ್ಮನಿದೆ ಅಂದ್ರು ಎಲ್ರೂ. ಸುಮ್ಮನೆಲ್ಲಿತ್ತು ಅದು? ದಿನಾ ಅನ್ನೋದನ್ನೇ ಅಂತಿತ್ತು. ತುಟಿ ನೋಡಿದವಳು ನಾನೊಬ್ಳು... ಮತ್ತೆ, ಅವಳು."

ಗುಬ್ಬಿ ತಿರುಗಿ ಬಾಗಿಲ ಕಡೆ ನೋಡಿದಳು.

"ಸಂಜೆ ಮಿಲ್ಲಿನ ಸೈರನ್ ಕೂಗಿದ ಮೇಲೆ ಮೆಟ್ಟಿಲ ಮೇಲೆ ಅವಳದೇ ಚಪ್ಪಲಿ ಸದ್ದು, ಮೊದಲಿನ ಹಾಗೇ ಎಡಗಾಲು ಎಳ್ಕೊಂಡು... ಹೊಸ್ತಿಲ ಮೇಲೆ ಹತ್ತಿ ಧೂಳು. ಆಮೇಲೆ ಮಿಲ್ಲು ಮುಚ್ಚಿತು, ಗೋಡೆ ಕೆಡವಿದ್ರು, ಸೈರನ್ನೂ ಇಲ್ಲ. ಅವಳು ಮಾತ್ರ ಶಿಫ್ಟು ತಪ್ಪಿಸ್ಲಿಲ್ಲ. ಇಲ್ಲದ ಮಗ್ಗಕ್ಕೆ ಹೋಗ್ತಾಳೆ, ಬರ್ತಾಳೆ. ಬದುಕಿದ್ದಾಗ ಭಾನುವಾರ ಆದ್ರೂ ಇತ್ತು ಅವಳಿಗೆ... ಸಾಕು ಹೋಗಕ್ಕ, ಮಲಗು ಅಂತ ಎದುರು ನಿಂತು ಹೇಳಿ ನೋಡಿದೆ. ಅವಳು ನನ್ನ ಮಾತು ಯಾವತ್ತು ಕೇಳಿದ್ಲು ಹೇಳಿ?"

ಗುಬ್ಬಿ ಎದ್ದಳು. ಒದ್ದೆ ಫ್ರಾಕು ಕಾಲ ಬಳಿ ಬಿತ್ತು. ಮರೆತೇ ಹೋಗಿದೆ ಎಂದುಕೊಂಡಿದ್ದ ಭಾಷೆ ತುಟಿಗೆ ತಾನಾಗಿಯೇ ಬಂತು. ಬಾಗಿಲ ಕತ್ತಲೆಯ ಕಡೆ ಮುಖ ಮಾಡಿ, ಜೀವಮಾನದಲ್ಲಿ ಆ ಅಜ್ಜಿಗೆ ಅನ್ನದಿದ್ದ ಮಾತನ್ನು ದನಿಯಿಲ್ಲದೆ ಅಂದಳು. ಹೋಗಜ್ಜಿ. ಇನ್ನು ಬರಬೇಡ.

"ಆಗಲ್ಲ ಕಣೇ," ಎಂದಳು ಚಿಕ್ಕಜ್ಜಿ ಮೆತ್ತಗೆ. "ಅವಳಿಗೆ ಬೇಕಾಗಿರೋದು ನಾಲ್ಕು ವರ್ಷದ ಗುಬ್ಬಿ. ನೀನು ಯಾರೋ ದೊಡ್ಡ ಹೆಂಗಸು. ನೀನು ಬೆಳೆದ ಮೇಲೆ ನಿನ್ನ ಪಕ್ಕದಲ್ಲೇ ಹಾದು ಹೋಗಿ ಮೂಲೆ ಮೂಲೆ ಹುಡುಕ್ತಿದ್ಲು..."

"ಈಗ್ಲೂ ಹುಡುಕ್ತಾಳಾ ಅಜ್ಜಿ?" ಒಂದು ಮಗು ಪಿಸುಗುಟ್ಟಿತು.

"ಇಲ್ಲಪ್ಪ. ಈ ಮಳೆಗಾಲದಿಂದ ಹುಡುಕ್ತಾ ಇಲ್ಲ."

ಬಾಗಿಲ ಬಳಿಯಿಂದ ಮರಿ ಅಮ್ಮನನ್ನು ದುರುದುರು ನೋಡುತ್ತಿದ್ದಳು. ಅವಳ ಗೊಂಬೆಯ ತಲೆಯ ಮೇಲೆ ಬೆಳ್ಳಗೆ ಹತ್ತಿ ಧೂಳಿನಂಥದೇನೋ ಕೂತಿತ್ತು.

"ಬರಬೇಡ ಅಂತ ಯಾಕಂದೆ ಅಮ್ಮ? ಹಾಗನ್ಬಾರ್ದು. ಹೋಗ್ಬಿಟ್ಟು ಬಾ ಅನ್ಬೇಕು."

ಚಿಕ್ಕಜ್ಜಿ ಹೊದಿಕೆಯನ್ನು ಮೊಣಕಾಲಿಗೆ ಎಳೆದುಕೊಂಡಳು.

"ತುಟಿ ನೋಡಿ ಮಾತು ತಿಳಿಯೋದು ಈ ಮಗೂಗೆ ನೀನು ಕಲಿಸಿದ್ಯಾ ಗುಬ್ಬಿ?... ನಾನಂತೂ ಕಲಿಸಿಲ್ಲಮ್ಮ."