ಕೊನೇ ಅಂಕದ ಬಣ್ಣ

...ಅಲ್ಲ, ನೀನು ಹೀಗೆ ನಗ್ತಾ ಕೂತ್ರೆ ನಾನು ಮುಂದೆ ಹೇಳೋದೇ ಇಲ್ಲ ನೋಡು. ಮೀಸೆ ಬಿದ್ದಿದ್ದು ನನ್ನ ತಪ್ಪಾ? ಗೋಂದು ಹಳೇದು. ಸಿಂಹಾಸನದ ಮೇಲೆ ಕೂತು ಗತ್ತಿನಿಂದ "ಎಲೈ ಮಂತ್ರಿ" ಅಂದೆ, ಅರ್ಧ ಮೀಸೆ ಹೋಗಿ ಮಂತ್ರಿ ಕಾಲ ಹತ್ರ ಬಿತ್ತು. ಆ ಕಳ್ಳ ಏನು ಮಾಡಿದ ಗೊತ್ತಾ? ಮೆಲ್ಲಗೆ ಎತ್ಕೊಂಡು ಎರಡೂ ಕಣ್ಣಿಗೆ ಒತ್ಕೊಂಡ. ರಾಜಮುದ್ರೆ ಸಿಕ್ಕಿದವನ ಹಾಗೆ! ಜನ ಬಿದ್ದು ಬಿದ್ದು ನಕ್ರು... ಹೂಂ, ನಗು, ನಗು. ಮುಖದ ಬಣ್ಣ ಒರೆಸೋಕೆ ಆತುರ ಏನಿಲ್ಲ. ಮಧ್ಯಾಹ್ನದ ಆಟ ಮುಗಿಸಿ ನೆಟ್ಟಗೆ ಬಂದಿದೀನಿ, ಇನ್ನೂ ಬಿಸಿಲಿದೆ.

ತಡಿ, ಸ್ಟೂಲು ಹತ್ರ ಎಳ್ಕೋತೀನಿ. ಎಣ್ಣೆ ಬಟ್ಟಲು ಕಿಟಕಿ ಮೇಲಿಡ್ಲಾ? ಎಡಗೈಗೆ ಎಟುಕುತ್ತಾ? ಎಟುಕುತ್ತೆ. ಇಗೋ ಹತ್ತಿ.

ಕೈಕಾಲು ಆಡಿಸೋಕೆ ಬರ್ತಾಳಲ್ಲ, ಅವಳು ಬಾಗಿಲಲ್ಲೇ ಹಿಡಿದು ದೂರು ಹೇಳಿದಳು. ಬಲಗೈಗೆ ಚೆಂಡು ಕೊಟ್ರೆ ಎಡಗೈಲಿ ಕಿತ್ತು ಕಿಟಕಿಯಿಂದ ಆಚೆ ಎಸೀತೀಯಂತೆ. ಲಕ್ವ ಹೊಡೆದಿದ್ದು ಒಂದು ಪಕ್ಕಕ್ಕೆ, ಇನ್ನೊಂದು ಪಕ್ಕದ ಹಟ ಎರಡರಷ್ಟಾಗಿದೆ ಅಂದೆ. ಅವಳಿಗೆ ನಗು ಬರ್ಲಿಲ್ಲ. ನಿಂಗೂ ಬರ್ಲಿಲ್ವಾ... ಸರಿ ಬಿಡು.

ನಿನ್ನ ಪಾರ್ಟಿಗೆ ಬಂದಿರೋ ಹೊಸ ಹುಡುಗಿನಾ? ಹಾಡ್ತಾಳೆ ಪಾಪ, ಚೆನ್ನಾಗೇ ಹಾಡ್ತಾಳೆ. ಯಾಕೆ ಹುಬ್ಬು ಏರಿಸ್ತೀಯ? ನಿನ್ನ ಹಾಗೆ ಅಂದ್ನಾ ನಾನು? ಗಂಟಲಿದೆ, ಗುಂಡಿಗೆ ಇಲ್ಲ. ನಾಟಕ ಕಂಪನಿ ಮಾಲೀಕರು ನಿನ್ನ ಕೇಳ್ತಾನೇ ಇರ್ತಾರೆ. ನಿನ್ನ ಕನ್ನಡಿಗೆ ಬಟ್ಟೆ ಮುಚ್ಚಿಟ್ಟಿದಾರೆ, ಅದರ ಮುಂದೆ ಯಾರನ್ನೂ ಕೂರಿಸಿಲ್ಲ. "ಅಕ್ಕ ಬರೋ ತನಕ ಅದು ಅಕ್ಕಂದೇ" ಅಂದ್ರು. ಅದಕ್ಕೇ ಹೇಳೋದು, ಆ ಚೆಂಡು ಹಿಡಿ, ಹಾಡು ಬಿಡಬೇಡ. ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಮಾತಿನ ಮನೆ ಬೇರೆ, ಹಾಡಿನ ಮನೆ ಬೇರೆ. ಮಾತಿನ ಮನೆ ಬಿದ್ದಿದೆ, ಹಾಡಿನ ಮನೆ ನಿಂತಿದೆ, ದೀಪ ಹಚ್ಚದೆ ಬಿಟ್ರೆ ಅದೂ ಕುಸಿಯುತ್ತೆ. ಒಂದು ಲೋಟ ನೀರು ಕೇಳೋಕೆ ಬಾಯಿ ಬರದ ನೀನು ಆ ಕಾಡಿನ ದೃಶ್ಯದ ಪದ ಪೂರ್ತಿ ಹಾಡ್ತೀಯಲ್ಲ... ಮೊದಲ್ನೇ ಸಲ ಕೇಳಿದಾಗ ನಾನು ಬಚ್ಚಲಿಗೆ ಹೋಗಿ ಅತ್ತೆ. ನಿಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡಿದ್ನಾ ನಾನು? ಗೊತ್ತು. ನಿಂಗೆ ಎಲ್ಲಾ ಗೊತ್ತಾಗುತ್ತೆ.

ಹೂಂ, ಒರೆಸು. ಹಣೆಯಿಂದ ಶುರು ಮಾಡು, ಯಾವಾಗಲೂ ಮಾಡೋ ಹಾಗೆ.

ದಾರಿ ಉದ್ದಕ್ಕೂ ಹಳೇದೇ ಯೋಚನೆ ಕಣೇ. ನಾನು ಕಂಪನಿಗೆ ಸೇರಿದ್ದು ಈಟಿ ಹಿಡಿದು ನಿಲ್ಲೋಕೆ. ಈಟಿ ಹಿಡಿಯೋಕೆ ಶ್ರುತಿ ಬೇಕಾ? ಎತ್ತರ ಇದ್ದೆ, ಭುಜ ಇತ್ತು, ಸಾಕಿತ್ತು. ರಾಜನ ಪಾರ್ಟಿನವನು ಬಿಟ್ಟು ಓಡಿಹೋದ ಅಂತ ನನ್ನ ಎಳೆದು ನಿಲ್ಲಿಸಿದ್ರು. ಹಾರ್ಮೋನಿಯಂ ಮಾಸ್ತರು ಕೇಳಿಸೋ ಹಾಗೇ ಅಂದಿದ್ರು, "ದನಿ ಗಂಟೆ ಥರ ಇದೆ, ಆದರೆ ಯಾವ ಗುಡೀದು ಅಂತ ಗಂಟೆಗೇ ಗೊತ್ತಿಲ್ಲ." ಸುಳ್ಳೇನಲ್ಲ. ಹಾಡಿನ ನಡುವೆ ದನಿ ಎಲ್ಲಿ ಬೇಕಾದ್ರೂ ಹಾರಿಸ್ತಿದ್ದೆ, ತಿರುಗಿಸ್ತಿದ್ದೆ. ಶುರು ಮಾಡೋ ಆ ಮೊದಲ್ನೇ ಸ್ವರ... ಮಾಸ್ತರು ಪೆಟ್ಟಿಗೆ ಎಷ್ಟು ಒತ್ತಿದ್ರೂ ನಂಗೆ ಅಲ್ಲಿ ಬಾಗಿಲು ಕಾಣ್ತಿರ್ಲಿಲ್ಲ. ನೀನು ಪಕ್ಕದ ಪರದೆ ಹಿಂದೆ ನಿಂತು ಮೂಗಲ್ಲೇ "ಹೂಂ..." ಅಂತಿದ್ದೆ. ಇಷ್ಟೇ ಇಷ್ಟು. ನಾನು ಅದರ ಬೆರಳು ಹಿಡ್ಕೊಂಡು ಒಳಗೆ ಹೋಗ್ತಿದ್ದೆ. ಜನ ಒನ್ಸ್ ಮೋರ್, ಒನ್ಸ್ ಮೋರ್ ಅಂತ ಕುರ್ಚಿ ಕುಟ್ಟೋರು, ನಾನು ಎದೆ ಉಬ್ಬಿಸ್ಕೊಂಡು ನಮಸ್ಕಾರ ಹಾಕ್ತಿದ್ದೆ. ಎಷ್ಟು ವರ್ಷ... ಒಂದು ದಿನ ಆದ್ರೂ ನೀನು ಅದನ್ನ ಆಡಿ ತೋರಿಸಲಿಲ್ಲ. ಜಗಳದಲ್ಲೂ ಆಡಲಿಲ್ಲ. ಉಪ್ಪು ಜಾಸ್ತಿ ಆಯ್ತು ಅಂದಿದ್ದಕ್ಕೆ ಎರಡು ದಿನ ಮುಖ ತಿರುಗಿಸ್ಕೊಂಡವಳು ನೀನು, ಅದೊಂದು ಮಾತು ಮಾತ್ರ...

ಯಾಕೆ ನಿಲ್ಲಿಸಿದೆ?

ಏನು ನೋಡ್ತಿದೀಯ ಹತ್ತೀಲಿ? ಕೆಂಪು. ಹೌದು, ಕೆಂಪು. ರಾಜನ ಬಣ್ಣ ಕೆಂಪಲ್ದೆ ಇನ್ನೇನು...

ಓ. ಇಲ್ಲ ಕಣೇ, ಅದು... ಇವತ್ತು ಬೂದಿ ಬಣ್ಣ ಬಳ್ಕೊಳ್ಳೋಕೆ ಹೊತ್ತೇ ಸಿಗಲಿಲ್ಲ. ಕೊನೇ ಅಂಕಕ್ಕೆ ಹಾಗೇ ಹೋಗಿಬಿಟ್ಟೆ. ಮೇಲೆ ಕಂಬಳಿ ಹೊದ್ಕೊಂಡಿದ್ದೆ. ರಾಜ್ಯ ಕಳ್ಕೊಂಡು ಕಾಡಲ್ಲಿ ಅಲೆಯೋನ ಕೆನ್ನೆ ಕೆಂಪಿದ್ರೆ ಜನಕ್ಕೇನು ಗೊತ್ತಾಗುತ್ತೆ, ಬಿಸಿಲಿಗೆ ಅಂದ್ಕೋತಾರೆ...

ಹಾಗೆ ನೋಡಬೇಡ.

ನೋಡಬೇಡ ಅಂದ್ನಲ್ಲ. ಬೇಕಾದ್ರೆ ಮಂತ್ರಿನ ಕೇಳು. ಮೀಸೆ ಬಿದ್ದಾಗ ಅವನೇ...

ಮೀಸೆ.

ಅವತ್ತು ನೀನೂ ಇದ್ದೆ ಅಲ್ವಾ. ಪರದೆ ಪಕ್ಕ. ನಕ್ಕು ನಕ್ಕು ನಿನ್ನ ಕಾಡಿಗೆ ಇಳಿದು, ಮುಂದಿನ ದೃಶ್ಯಕ್ಕೆ ಹಾಗೇ ಬಂದಿದ್ದೆ. ನಮ್ಮ ದೊಡ್ಡೋನು ಆಗಿನ್ನೂ ಹುಟ್ಟಿರಲಿಲ್ಲ. ಅದನ್ನ ಇವತ್ತಿನದು ಅಂತ ತಂದು ನಿನ್ನ ಮುಂದೇನೇ... ಅದಕ್ಕೇನಾ ನೀನು ನಕ್ಕಿದ್ದು?

ತಲೆ ಆಡಿಸು. ಹೌದು ಅಂತಾನಾದ್ರೂ ಆಡಿಸು.

ಮಾಲೀಕರು ಕೆಟ್ಟೋರಲ್ಲ. "ಅಣ್ಣ, ಸ್ವಲ್ಪ ದಿನ ಮನೇಲಿರಿ" ಅಂದ್ರು. ಹಾಗೆ ಅಂದಿದ್ದು ನೀನು ಹಾಸಿಗೆ ಹಿಡಿದ ಮೇಲಿನ ಮೊದಲ್ನೇ ಆಟದ ದಿನ. ಕಾಡಿನ ದೃಶ್ಯಕ್ಕೆ ಹೋಗಿ ಗುಡಿಸಲ ಮುಂದೆ ನಿಂತೆ. ಪರದೆ ಪಕ್ಕ ಕಿವಿ ಇಟ್ಟೆ. ಏನೂ ಇಲ್ಲ. ಎಲ್ಲೋ ಒಂದು ಕಡೆಯಿಂದ ಎತ್ತಿಕೊಂಡೆ. ಮಾಸ್ತರು ನನ್ನ ಹಿಡಿಯೋಕೆ ಪೆಟ್ಟಿಗೆ ಮೇಲೆ ಓಡಾಡಿದ್ರು, ಕರು ತಪ್ಪಿಸ್ಕೊಂಡವರ ಹಾಗೆ. ಗುಡಿಸಲೊಳಗಿದ್ದ ಹೊಸ ಹುಡುಗಿ ಎಲ್ಲಿ ಸೇರಿಕೊಳ್ಳೋದು ಗೊತ್ತಾಗದೆ ಅಳೋಕೆ ಶುರು ಮಾಡಿದಳು. ಹಿಂದಿನ ಸಾಲಿಂದ ಒಬ್ಬ ಕೂಗಿದ. ಒನ್ಸ್ ಮೋರ್ ಅಂತ. ಪಕ್ಕದವರೆಲ್ಲ ನಕ್ರು.

ಅದೇ ಕೂಗು ಕಣೇ.

ಅವತ್ತಿಂದ ಬೀದಿ ಕೊನೇಲಿರೋ ಕ್ಷೌರದಂಗಡಿಗೆ ಹೋಗ್ತಿದೀನಿ. ಮಧ್ಯಾಹ್ನ ಗಿರಾಕಿ ಇರಲ್ಲ. ಹಿಂದಿನ ಕುರ್ಚಿ ಕೊಡ್ತಾನೆ, ಏನೂ ಕೇಳಲ್ಲ. ಬಣ್ಣ ಹಚ್ಕೊಂಡು, ಆಟ ಮುಗಿಯೋ ಹೊತ್ತಿನವರೆಗೂ ಕೂತು, ಮಫ್ಲರ್ ಸುತ್ಕೊಂಡು ಬರ್ತೀನಿ. ದಿನಾ ಬೂದಿನೇ ಬಳ್ಕೋತಿದ್ದೆ, ಲೆಕ್ಕ ತಪ್ಪಿರಲಿಲ್ಲ. ಇವತ್ತು ಯಾಕೋ... ಒಂದು ಸಲ ಆ ಮುಖ ನೋಡ್ಕೋಬೇಕು ಅನ್ನಿಸ್ತು. ಕೆಂಪು ಹಚ್ಚಿದೆ. ನೋಡ್ತಾ ಕೂತವನಿಗೆ ಒರೆಸೋ ಮನಸ್ಸು ಬರಲಿಲ್ಲ.

ನಿನ್ನ ಕನ್ನಡಿ... ಅದೂ ಸುಳ್ಳೇ. ಆ ಹುಡುಗಿ ಅದರ ಮುಂದೆ ಕೂರ್ತಾಳೆ. ಇನ್ನೆಲ್ಲಿ ಕೂರ್ತಾಳೆ ಪಾಪ.

ಬಯ್ಯೋಕಾಗಲ್ಲ ನಿನಗೆ. ಗೊತ್ತು. ಹತ್ತಿ ಎಸಿ, ಬಟ್ಟಲು ಎಸಿ, ಕಿಟಕಿ ತೆಗೆದೇ ಇದೆ. ಆದರೆ ಅದನ್ನ ಹಿಡ್ಕೊಂಡು ಹಾಗೇ ಕೂರಬೇಡ.

ಹಾಡೋಣ ಬಾ. ದಿನಾ ಮುಖ ಒರೆಸಿದ ಮೇಲೆ ಹಾಡ್ತೀವಲ್ಲ. ಇವತ್ತು ಮೊದಲೇ ಹಾಡೋಣ. ಆ ಕಾಡಿನ ಪದಾನೇ, ನಾನು ಗುಡಿಸಲ ಹೊರಗೆ, ನೀನು ಒಳಗೆ. ನಾನು "ಯಾರಿಲ್ಲದ ದಾರಿಯಲಿ ಯಾರ ದೀಪವಿದು" ಅಂತೀನಿ. ನೀನು "ಬರುವವಗೆ ಹಚ್ಚಿಟ್ಟೆ, ಬಂದವನು ನೀನೇ" ಅನ್ನು. ಅಷ್ಟೇ. ಕಂಪನಿಗಲ್ಲ, ಕನ್ನಡಿಗಲ್ಲ, ಯಾರಿಗೂ ಅಲ್ಲ. ನಿಲ್ಲಿಸಬಾರದು ಅಂದಿದಾರೆ ಕಣೇ ಡಾಕ್ಟರು, ಒಂದು ದಿನಾನೂ...

ಕೊಡು. ಆ ಮೊದಲ್ನೇ ಸ್ವರ ಮೂಗಲ್ಲೇ ಕೊಡು. ಇಷ್ಟೇ ಇಷ್ಟು.

...

ಈ ಕಡೆ ತಿರುಗೇ. ನೀನು ಹೀಗೆ ಸುಮ್ಮನಾದ್ರೆ, ನಾನು ಎಲ್ಲಿಂದ ಎತ್ತಿಕೊಳ್ಳಲಿ?