ಬೆರಳು ಸವೆದವಳ ಹಾಜರಿ

ಕಾರ್ಮಿಕ ಕಚೇರಿಯ ಬೆಂಚಿನಲ್ಲಿ, ನನ್ನ ಪಕ್ಕ, ಆಸ್ಪತ್ರೆಯ ನೆಲ ತೊಳೆಯುವ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳು ಕೇಳಿದಳು:

“ರಾತ್ರಿ ಪಾಳಿ ಭತ್ಯೆ ಕೊಡ್ಲಿಲ್ಲ ಸರಿ, ಸಂಬಳಾನೂ ಯಾಕಕ್ಕಾ ಕಟ್ ಮಾಡಿದ್ರು?”

“ಬೆರಳಿಟ್ರೆ ಹಾಜರಿ ಮಿಷನ್ನು ಗುರುತೇ ಹಿಡಿಯಲ್ಲ. ನಾನು ಬಂದೇ ಇಲ್ವಂತೆ.”

“ಆಸಿಡ್ಡಲ್ಲಿ ತಿಕ್ಕಿ ತಿಕ್ಕಿ ಗೆರೆಯೆಲ್ಲ ಸವೆದಿದೆ. ಸೂಪರ್‌ವೈಸರ್‌ಗೆ ತೋರಿಸ್ಬೇಕಿತ್ತು.”

“ತೋರಿಸ್ದೆ. ‘ನನಗ್ಯಾಕೆ, ಮಿಷನ್ನಿಗೇ ಹೇಳು’ ಅಂದ.”

“ಅವನ ಬಾಯಿಗೆ ಮಣ್ಣು ಹಾಕ!”

“ದಿನಾ ಬರ್ತಿದ್ದೆ ಅಂತ ನೀನು ಒಳಗೆ ಬಂದು ಹೇಳ್ತೀಯ ತಾನೆ?”

ಕಿರಿಯವಳು ದನಿ ತಗ್ಗಿಸಿದಳು.

“ಹೇಳಿದ್ರೆ ನನ್ನ ಕೆಲಸಾನೂ ಹೋಗತ್ತೆ. ಮಗು ಸ್ಕೂಲು ಬೇರೆ...”

“ಗೊತ್ತು ಕಣೇ. ಬೇಡ ಬಿಡು, ಇಲ್ಲೇ ಕೂತಿರು.”

ಒಳಗಿನಿಂದ ಕರೆದರು. ಹಿರಿಯವಳು ಮಂಡಿ ಹಿಡಿದುಕೊಂಡು ಎದ್ದಳು.

“ಅಯ್ಯೋ, ನಡಿ ಅಕ್ಕಾ,” ಕಿರಿಯವಳೂ ಎದ್ದಳು. “ಕೆಲಸ ಹೋದ್ರೆ ಇಬ್ರೂ ಸೇರಿ ಬೇರೆ ಹುಡುಕೋಣ.”