ನನ್ನ ಗುಳಿಗೆ ನನ್ನ ಕೈಗೆ

ವೇದಿಕೆಯ ನಡುವೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಅಧ್ಯಕ್ಷರಾದ ಶ್ರೀ ರುದ್ರಪ್ಪನವರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದಷ್ಟು ಒಳ್ಳೆಯ ಮಾತುಗಳನ್ನು ಆಡಿದ ಮುಖ್ಯ ಅತಿಥಿ ಡಾಕ್ಟರ್ ಮಂದಾಕಿನಿಯವರೇ, ಕೊಚ್ಚಿಯ ನಮ್ಮ ಕನ್ನಡ ಸಂಘದ ಬಂಧುಗಳೇ, ಕಾಕ್ಕನಾಡಿನ ನಮ್ಮ ಆರೈಕೆ ಮನೆಯಿಂದ ಗಾಲಿಕುರ್ಚಿಗಳ ಮೆರವಣಿಗೆ ಮಾಡಿಕೊಂಡು ಬಂದಿರುವ ನನ್ನವರೇ, ಊಟದ ಮೇಲೆ ಸಭೆ ಇಟ್ಟದ್ದರಿಂದ ಕಣ್ಣು ತೂಗುತ್ತಿರುವ ಸಭಿಕರೇ, ಎಲ್ಲರಿಗೂ ಈ ಪಂಕಜಾಳ ವಂದನೆಗಳು.

ಅಧ್ಯಕ್ಷರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. 'ಐದ ನಿಮಿಷ ನೋಡ್ರಿ ಅಕ್ಕಾರ, ಆಮ್ಯಾಲೆ ಹುಡುಗರ ಡ್ಯಾನ್ಸ್ ಐತಿ' ಎಂದು ಮೆಟ್ಟಿಲ ಬಳಿಯೇ ಎಚ್ಚರಿಸಿದರು. ಅವರು ಧಾರವಾಡದ ಕಡೆಯವರು, ಅಂಬಲಮುಗಳ್‌ನ ರಿಫೈನರಿಯಲ್ಲಿ ದುಡಿದು ನಿವೃತ್ತರಾದವರು, ಹೊತ್ತು ಎಂದರೆ ಹೊತ್ತು. ಆದರೆ ಮೆಟ್ಟಿಲೇ ಹತ್ತಲಾರದವಳನ್ನು ವೇದಿಕೆಗೆ ಕರೆದು, ಕುರ್ಚಿ ಸಮೇತ ನಾಲ್ಕು ಜನರಿಂದ ಎತ್ತಿಸಿ ತಂದಮೇಲೆ ಐದು ನಿಮಿಷಕ್ಕೆ ಇಳಿಸಿದರೆ ಎತ್ತಿದವರ ಕೂಲಿಗೂ ಆಗುವುದಿಲ್ಲ ಸ್ವಾಮಿ. ಇಳಿಸುವುದು ನಿಮ್ಮ ಕೈಯಲ್ಲಿದೆ, ನಿಲ್ಲಿಸುವುದು ನನ್ನ ಕೈಯಲ್ಲಿದೆ.

ಡಾಕ್ಟರು ತಮ್ಮ ಭಾಷಣದಲ್ಲಿ ನಮ್ಮನ್ನು 'ದೇವರ ಮಕ್ಕಳು' ಎಂದರು. ಪ್ರೀತಿಯಿಂದ ಹೇಳಿದ ಮಾತು, ನಾನು ಬಲ್ಲೆ. ಆದರೂ ಹೇಳಿಬಿಡುತ್ತೇನೆ ಡಾಕ್ಟರೇ, ನಾನು ದೇವರ ಮಗಳಲ್ಲ, ಕುಂಬಳೆಯ ಪೋಸ್ಟ್‌ಮಾಸ್ತರರ ಮಗಳು. ಎರ್ನಾಕುಲಂನ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಒಂದು ಸಂಜೆ ಆಟೋ ಮಗುಚಿತು, ಕುತ್ತಿಗೆಯ ಎಲುಬು ಮುರಿಯಿತು. ಕಾಲುಗಳು ಹೋದವು, ಕೈಗಳು ಉಳಿದವು, ಬೆರಳುಗಳು ಮಾತ್ರ ಮಡಚುವುದಿಲ್ಲ. ನಾಲಿಗೆಗೆ ಏನೂ ಆಗಲಿಲ್ಲ ಎಂಬುದನ್ನು ನೀವೇ ನೋಡುತ್ತಿದ್ದೀರಿ.

ಈ ಸಭೆ ನನ್ನ ಬೀಳ್ಕೊಡುಗೆ. ಸೋಮವಾರ ನಾನು ತಿರುವನಂತಪುರಕ್ಕೆ ಹೊರಡುತ್ತೇನೆ. ಅಲ್ಲಿ ನನ್ನಂಥವರೇ ಸೇರಿ ಒಂದು ಬಾಡಿಗೆ ಮನೆ ನಡೆಸುತ್ತಿದ್ದಾರೆ. ಹೊಸದಾಗಿ ಬೆನ್ನು ಮುರಿದುಕೊಂಡವರು ಫೋನು ಮಾಡಿದರೆ ಮಾತಾಡುವುದು ನನ್ನ ಕೆಲಸ. ಕಾಸರಗೋಡಿನ ಕಡೆಯಿಂದ ಫೋನು ಬಂದರೆ ಕನ್ನಡದಲ್ಲಿ ಸಮಾಧಾನ ಹೇಳುವವರು ಅವರಿಗೆ ಬೇಕಿತ್ತು. ಸಂಬಳವೂ ಉಂಟು. ಎತ್ತಿ ಕೂರಿಸಲು, ಮಲಗಿಸಲು ಸಹಾಯಕರು ಬರುತ್ತಾರೆ, ನರ್ಸ್ ಮಾತ್ರ ಇರುವುದಿಲ್ಲ. ಆದ್ದರಿಂದ ಅವರದು ಒಂದೇ ಷರತ್ತು. ನಿಮ್ಮ ಗುಳಿಗೆ ನೀವೇ ನೋಡಿಕೊಳ್ಳಬೇಕು, ಬೇರೆಯವರು ಕೊಡುವುದಿಲ್ಲ.

ಮುಂದಿನ ಸಾಲಿನಲ್ಲಿ ಬಿಳಿ ಅಂಗಿ ತೊಟ್ಟು, ಕೈಕಟ್ಟಿ ಕೂತಿರುವವನು ನನ್ನ ಅಣ್ಣ ದಿನಕರ. ನಿನ್ನೆ ಕುಂಬಳೆಯಿಂದ ಬಂದ. ನನ್ನನ್ನು ಕಳಿಸಿಕೊಡಲು ಬಂದದ್ದಲ್ಲ, ತಡೆಯಲು ಬಂದದ್ದು. 'ಅಲ್ಲಿ ನಿಂಗೆ ಗುಳಿಗೆ ಕೊಡುದು ಯಾರು? ನೀನು ಹೋಗುದು ಬೇಡ ಪಂಕಜಾ' ಎಂದ. 'ನಾನೇ ತಿನ್ನುದು ಅಣ್ಣ' ಎಂದೆ. 'ನಿನ್ನ ತಲೆ' ಎಂದ. ಆಮೇಲೆ ಇಬ್ಬರೂ ಮಾತಾಡಿಲ್ಲ. ನಾನು ಚಿಕ್ಕ ಹುಡುಗಿಯಲ್ಲ, ಅವನ ಸಹಿ ಬೇಕಾಗಿಲ್ಲ, ಹೋಗಿಯೇ ಹೋಗುತ್ತೇನೆ. ಆದರೆ ಅಣ್ಣ ಮುಖ ಗಂಟಿಕ್ಕಿಕೊಂಡಿರುವಾಗ ರೈಲು ಹತ್ತಲು ನನಗೆ ಮನಸ್ಸಿಲ್ಲ. ಅಪ್ಪ ಹೋದಮೇಲೆ ನನಗಿರುವುದು ಅವನೊಬ್ಬನೇ.

ಅವನ ಭಯಕ್ಕೆ ಕಾರಣ ಇಲ್ಲವೇ? ಇದೆ. ಆ ಕಾರಣವನ್ನು ಈ ಸಭೆಯಲ್ಲಿಯೇ ಹೇಳಬೇಕು, ಯಾಕೆಂದರೆ ಅದರಲ್ಲಿ ಈ ಸಂಘದ ಹುಡುಗರ ಪಾಲೂ ಇದೆ. ತನ್ಮಯ್, ತಲೆ ಬಗ್ಗಿಸಬೇಡ ಮಾರಾಯ, ನಿನ್ನನ್ನು ಬೈಯುವುದಿಲ್ಲ.

ನಮ್ಮ ಕಾಕ್ಕನಾಡಿನ ಮನೆಯಲ್ಲಿ ಒಬ್ಬೊಬ್ಬರ ಗಾಲಿಕುರ್ಚಿ ಒಂದೊಂದು ಎತ್ತರ. ಹಾಗಾಗಿ ಊಟದ ಮೇಜಿನ ಕಾಲಿಗೆ ಅಲ್ಲಲ್ಲಿ ಮರದ ತುಂಡು ಕೊಟ್ಟು ನಮ್ಮ ನಮ್ಮ ಮೊಣಕಾಲಿಗೆ ಜಾಗ ಮಾಡಿದ್ದಾರೆ. ಮದುವೆ ಮನೆಯಲ್ಲಾದರೂ ಎಲೆಯ ಮುಂದೆ ಜಾಗ ಬದಲಾಯಿಸಬಹುದು, ನಮ್ಮಲ್ಲಿ ಸಾಧ್ಯವಿಲ್ಲ. ಕಿಟಕಿಯ ಪಕ್ಕದ್ದು ನನ್ನ ಜಾಗ, ಅದರ ಎದುರಿನದು ಮಾಚಯ್ಯನವರದು. ಗುಳಿಗೆಗಳೂ ಹಾಗೆಯೇ ಬರುತ್ತಿದ್ದವು. ಆಯಾಗಳು ಪುಟ್ಟ ಸ್ಟೀಲ್ ಮುಚ್ಚಳಗಳಲ್ಲಿ ಹಾಕಿ ಜಾಗ ನೋಡಿ ಇಟ್ಟು ಹೋಗುವುದು. ಬೆರಳು ಮಡಚದ ನಮ್ಮಂಥವರ ಬಾಯಿಗೆ ಅವರೇ ಹಾಕುವುದು, ನೀರು ಕುಡಿಸುವುದು, ಮುಂದಕ್ಕೆ ಹೋಗುವುದು. ಯಾರೂ ಹೆಸರು ಕೇಳುತ್ತಿರಲಿಲ್ಲ. ಮನೆಯವರ ಹೆಸರನ್ನು ಮನೆಯಲ್ಲಿ ಯಾರಾದರೂ ಕೇಳುತ್ತಾರೆಯೇ?

ಕಳೆದ ಓಣಂಗೆ ಸಂಘದ ಯುವಕರು ನಮ್ಮಲ್ಲಿಗೆ ಬಂದರು. ಟೆಕ್ಕಿಗಳು. ಬುಟ್ಟಿ ಬುಟ್ಟಿ ಹೂವು ತಂದು, ಊಟದ ಹಾಲ್‌ನ ನಡುವೆ ಎಂಥ ಪೂಕ್ಕಳಂ, ಹೂವಿನ ರಂಗೋಲಿ, ಹಾಕಿದರು ಎಂದರೆ, ಅದನ್ನು ತುಳಿಯಬಾರದು ಎಂದು ಮೇಜುಗಳನ್ನೆಲ್ಲ ಗೋಡೆಗೆ ಒತ್ತಿದರು. ಹಬ್ಬದ ಒಂದು ಹೊತ್ತಿಗೆ ಮೊಣಕಾಲು ತಾಗಿದರೇನು ಎಂದು ನನ್ನ ಕುರ್ಚಿ ಕಿಟಕಿಯಿಂದ ಎದ್ದು ಮಾಚಯ್ಯನವರ ಜಾಗಕ್ಕೆ ಬಂತು, ಅವರದು ನನ್ನ ಜಾಗಕ್ಕೆ. ಬಾಳೆಯೆಲೆ, ಅವಿಯಲ್, ಎರಡೆರಡು ಬಗೆಯ ಪಾಯಸ. ಊಟ ಮುಗಿಯುತ್ತಲೇ ಮುಚ್ಚಳಗಳು ಬಂದವು. ಜನ ಬದಲಾಗಿದ್ದರು, ಮುಚ್ಚಳಗಳು ತಮ್ಮ ಹಳೆಯ ಜಾಗಕ್ಕೇ ಬಂದವು. ಹಬ್ಬದ ಗಡಿಬಿಡಿ, ಮುಖ ನೋಡದೆ ಬಾಯಿಗೆ ಹಾಕಿ ಹೋದರು.

ಮಾಚಯ್ಯನವರು ಯಾರು ಎಂದು ಕೇಳುತ್ತೀರಾ? ಅದೋ, ಕೊಡವರ ಮೀಸೆ ತಿರುವುತ್ತ ಬಾಗಿಲ ಬಳಿ ಕೂತಿದ್ದಾರೆ. ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನ ಮ್ಯಾನೇಜರ್ ಆಗಿದ್ದವರು. ಪಾರ್ಶ್ವವಾಯು ಬಡಿದು ಎಡಭಾಗ ಸೋತಿತು. ಸಕ್ಕರೆ ಕಾಯಿಲೆ ಉಂಟು, ಕಿಡ್ನಿಯೂ ಸೋತದ್ದು. ಜಗಳಗಂಟ. ಬೆಳಿಗ್ಗೆ ನನ್ನ ಪೇಪರ್ ಮೊದಲು ಅವರೇ ಓದಬೇಕು. ನನ್ನ ಪದಬಂಧವನ್ನು ಅವರೇ ತುಂಬಿಸಬೇಕು, ಅದೂ ತಪ್ಪು ತಪ್ಪಾಗಿ. ಇರಲಿ, ಅವರ ಪುರಾಣ ಬೇಡ.

ಊಟದ ಮೇಲೆ ಮಾಚಯ್ಯನವರು ನಿದ್ದೆ ಹೋದರು. ಓಣಂ ಊಟ ಉಂಡವರು ನಿದ್ದೆ ಮಾಡದೆ ಇನ್ನೇನು ಮಾಡುತ್ತಾರೆ? ಹಾಲ್‌ನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರುತ್ತಿರಲಿಲ್ಲ, ನನ್ನ ಕಾಲುಗಳು ಕುಣಿಯದೆ ಇದ್ದಿದ್ದರೆ. ಈ ಕಾಲುಗಳು ನನ್ನ ಮಾತು ಕೇಳುವುದಿಲ್ಲ, ಗುಳಿಗೆಯ ಮಾತು ಕೇಳುತ್ತವೆ. ಸೆಳೆತದ ಗುಳಿಗೆ ಹೊತ್ತಿಗೆ ಬೀಳದಿದ್ದರೆ ತಾವಾಗಿ ಅದುರುತ್ತವೆ. ಅಂದು ಹಾಡು ನಡೆಯುತ್ತಿರುವಾಗ ಒಂದು ಕಾಲು ಪಟಪಟ ಬಡಿಯತೊಡಗಿತು. ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿ 'ಆಂಟಿ ತಾಳ ಹಾಕ್ತಿದ್ದಾರೆ!' ಎಂದಳು. ತಾಳ ಅಲ್ಲ ಮಗಳೇ ಅದು!

ನಾನು ಯೋಚಿಸಿದೆ. ಗುಳಿಗೆ ನುಂಗಿದ್ದೇನೆ, ಕಾಲು ಅದುರುತ್ತಿದೆ. ಹಾಗಾದರೆ ನುಂಗಿದ್ದು ನನ್ನದಲ್ಲ. ನನ್ನದು ಎಲ್ಲಿ ಹೋಯಿತು? ಕಿಟಕಿಯ ಬಳಿ ನೋಡಿದೆ. ನನ್ನ ಜಾಗದಲ್ಲಿ ಮಾಚಯ್ಯನವರ ಗಲ್ಲ ಎದೆಗೆ ಬಿದ್ದಿತ್ತು.

'ಮಾಚಯ್ಯನವರನ್ನು ಎಬ್ಬಿಸಿ' ಎಂದು ಕೂಗಿದೆ. 'ಪಾಪ, ಮಲಗಲಿ ಚೇಚಿ, ಪಾಯಸ ಜಾಸ್ತಿ ಆಗಿದೆ' ಎಂದರು ಆಯಾಗಳು. ಮತ್ತೆ ಕೂಗಿದೆ. 'ಹಬ್ಬದ ದಿನ ಯಾಕೆ ಗಲಾಟೆ' ಎಂದರು. ಆಗ ನನಗೆ ಬಂದ ಸಿಟ್ಟು! ಊರಿನಲ್ಲಿ ಕಲಿತ ಬೈಗುಳಗಳನ್ನೆಲ್ಲ ತುಳುವಿನಲ್ಲಿಯೂ ಕನ್ನಡದಲ್ಲಿಯೂ ಬೈದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಕೆಲಸವಾಯಿತು. ನಮ್ಮ ನರ್ಸ್ ಲಿಸ್ಸಿ ಸಿಸ್ಟರ್ ಅಡುಗೆಮನೆಯಿಂದ ಓಡಿ ಬಂದರು, ಅಲುಗಾಡಿಸಿದರು. ಮಾಚಯ್ಯನವರು ಕಣ್ಣು ತೆರೆಯಲಿಲ್ಲ, ಉಸಿರು ಬಹಳ ಸಣ್ಣಗಾಗಿತ್ತು. ಆಸ್ಪತ್ರೆಗೆ ಒಯ್ದರು. ನನ್ನ ಸೆಳೆತದ ಗುಳಿಗೆ ಕಿಡ್ನಿ ಸೋತವರಿಗೆ ವಿಷವಿದ್ದ ಹಾಗೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಅಲ್ಲಿನ ಡಾಕ್ಟರು. ಅವರ ಸಕ್ಕರೆ ಕಾಯಿಲೆಯ ಗುಳಿಗೆ ನನ್ನ ಹೊಟ್ಟೆಯಲ್ಲಿತ್ತು. ಪಾಯಸ ಕುಡಿದಿದ್ದೆನಲ್ಲ, ನಾನು ಬಚಾವು. ಆ ರಾತ್ರಿ ನಾನು ಅತ್ತೆ. ಅವರು ಸತ್ತರೆ ನಾನು ಯಾರ ಹತ್ತಿರ ಜಗಳವಾಡುವುದು ಎಂದು ಅತ್ತೆ. ಈ ಮಾತು ಬರೆದುಕೊಂಡು ಬಂದದ್ದರಲ್ಲಿ ಇರಲಿಲ್ಲ, ಬಾಯಿಗೆ ಬಂತು. ಮಾಚಯ್ಯನವರೇ, ಮೀಸೆ ತಿರುವಬೇಡಿ.

ಅವರು ಗುಣವಾಗಿ ಬಂದರು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹೊಸ ಕಾನೂನು. ಎಲ್ಲರ ಗುಳಿಗೆಯೂ ಬೀಗದೊಳಗೆ, ಬೀಗದ ಕೈ ಆಫೀಸಿನಲ್ಲಿ. ಸ್ವಂತ ಔಷಧಿ ಇಟ್ಟುಕೊಂಡಿದ್ದವರಿಂದಲೂ ಕಿತ್ತುಕೊಂಡರು. ನುಂಗಿದಮೇಲೆ 'ಆ' ಎಂದು ಬಾಯಿ ತೆರೆದು ತೋರಿಸಬೇಕು. ನಲವತ್ತು ದಾಟಿದವಳು, ವಿಮೆಯ ಕ್ಲೇಮು ಪಾಸು ಮಾಡಿದವಳು, 'ಆ' ಎನ್ನಬೇಕು! ಅಣ್ಣ ಬಂದು ನೋಡಿ 'ಈಗ ಸರಿಯಾಯ್ತು, ಈಗ ನಂಗೆ ನಿದ್ದೆ ಬರ್ತದೆ' ಎಂದ. ಅವನಿಗೆ ನಿದ್ದೆ ಬಂತು, ನನಗೆ ಹೋಯಿತು.

ಬೀಗ ಬೇಡ ಎನ್ನುತ್ತೇನೆಯೇ? ಖಂಡಿತ ಇಲ್ಲ. ಔಷಧಿ ಬೀಗದಲ್ಲಿಯೇ ಇರಬೇಕು. ಆದರೆ ಕೇಳಿ, ಅಂದು ತಪ್ಪಿದ್ದು ಎಲ್ಲಿ? ನಮ್ಮನ್ನು ಯಾರೂ ಕೇಳಲಿಲ್ಲ, ಅಲ್ಲಿ ತಪ್ಪಿದ್ದು. ಮುಚ್ಚಳ ಇಡುವಾಗ 'ನಿಮ್ಮ ಹೆಸರು ಹೇಳಿ' ಎಂದು ಕೇಳಿದ್ದರೆ ಸಾಕಿತ್ತು. ಕೇಳದೆ ತಪ್ಪಾದದ್ದಕ್ಕೆ, ಇನ್ನೂ ಕೇಳದಿರುವುದು ಪರಿಹಾರವೇ? ನೆಗಡಿ ಬಂತು ಎಂದು ಮೂಗು ಕೊಯ್ಯುತ್ತಾರೆಯೇ?

ಇದನ್ನೇ ನಾನು ಸೂಪರಿಂಟೆಂಡೆಂಟ್ ವಾಸುದೇವನ್ ಸಾರ್ ಅವರಿಗೆ ಹೇಳಿದೆ, ಮಲಯಾಳದಲ್ಲಿ, ಜೋರಾಗಿ. ಅವರು ಕೆಟ್ಟವರಲ್ಲ, ಹೆದರಿದ್ದರು. ಲಿಸ್ಸಿ ಸಿಸ್ಟರ್ ನನ್ನ ಪಕ್ಷ ಹಿಡಿದರು. 'ಪಂಕಜಾ ಕಲಿಯಲಿ ಸಾರ್. ನಾನು ನೋಡುತ್ತೇನೆ. ಆಗದಿದ್ದರೆ ನಾನೇ ಆಗುವುದಿಲ್ಲ ಎನ್ನುತ್ತೇನೆ' ಎಂದರು. ಕೊನೆಯ ವಾಕ್ಯ ನನಗೆ ಹಿಡಿಸಲಿಲ್ಲ. ಆದರೆ ಅದು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆ ಇರುತ್ತಿರಲಿಲ್ಲ.

ಅಬ್ಬ, ಏನೆಲ್ಲ ಕೇಳಿದರು ಸಿಸ್ಟರ್! ಈ ಗುಳಿಗೆ ಯಾತಕ್ಕೆ? ಊಟದ ಮೊದಲೋ ಆಮೇಲೋ? ಒಂದು ಹೊತ್ತಿನದು ಮರೆತರೆ ಏನು ಮಾಡುತ್ತೀಯ? 'ಮುಂದಿನ ಸಲ ಎರಡು ನುಂಗುತ್ತೇನೆ' ಎಂದೆ. 'ಆಗ ನೀನೂ ಮಾಚಯ್ಯನ ಹಾಗೆ ಮಲಗುತ್ತೀಯ. ಎರಡು ನುಂಗಬಾರದು, ಫೋನು ಮಾಡಿ ಕೇಳಬೇಕು' ಎಂದು ತಲೆಗೆ ಮೊಟಕಿದರು. ಈ ಗುಳಿಗೆಯನ್ನು ಹಠಾತ್ತಾಗಿ ಬಿಟ್ಟರೂ ಅಪಾಯ, ಆದ್ದರಿಂದ ಮುಗಿಯುವ ಮುಂಚೆಯೇ ತರಿಸಬೇಕು. ಔಷಧಿ ಅಂಗಡಿಯವನಿಗೂ ಹೇಳಿದರು, ಸ್ಟ್ರಿಪ್ಪನ್ನು ಕತ್ತರಿಯಲ್ಲಿ ತುಂಡು ಮಾಡಿ ಕೊಡಬೇಡ ಎಂದು. ತುಂಡು ಮಾಡಿದರೆ ಗುಳಿಗೆಯ ಹೆಸರು ಒಂದು ಕಡೆ, ತಾರೀಖು ಇನ್ನೊಂದು ಕಡೆ.

ತಲೆಗೆ ಹತ್ತಿತು, ಬೆರಳಿಗೆ ಹತ್ತಬೇಕಲ್ಲ? ಸ್ಟ್ರಿಪ್ಪಿನಿಂದ ಗುಳಿಗೆ ಒತ್ತಿ ತೆಗೆಯುವುದು ನಿಮಗೆ ಆಟ. ನನಗೆ? ಹಲ್ಲಿನಲ್ಲಿ ಕಚ್ಚಿದೆ, ಗುಳಿಗೆಯೇ ಪುಡಿಯಾಯಿತು. ಕೊನೆಗೆ ಉಣ್ಣಲು ಅಂಗೈಗೆ ಚಮಚ ಸಿಕ್ಕಿಸಿಕೊಳ್ಳುವ ಪಟ್ಟಿ ಇದೆಯಲ್ಲ, ಅದರಲ್ಲಿ ಚಮಚವನ್ನು ತಿರುಗಿಸಿ ಸಿಕ್ಕಿಸಿದೆ. ಲೋಟದ ಬಾಯಿಯ ಮೇಲೆ ಸ್ಟ್ರಿಪ್ ಇಟ್ಟು, ಚಮಚದ ಹಿಡಿಯಿಂದ ಕುಟ್ಟಿದೆ. ಗುಳಿಗೆ ಹಾರಿತು. ಎಲ್ಲಿಗೆ? ಮಾಚಯ್ಯನವರ ಸಾಂಬಾರಿಗೆ! ಅವರು ತಟ್ಟೆ ದೂರ ತಳ್ಳಿ ಹೇಳಿದರು, 'ಏನು ಪಂಕಜಾ, ನಿನ್ನ ಗುಳಿಗೆ ಇನ್ನೂ ನನ್ನನ್ನೇ ಹುಡುಕ್ಕೊಂಡು ಬರ್ತದಲ್ಲ!'

ಹೀಗೆ ನಕ್ಕು, ಬೈದು, ಸೋತು, ಮತ್ತೆ ಕುಟ್ಟಿ ಕಲಿತೆ. ಒಂದು ದಿನ ಲಿಸ್ಸಿ ಸಿಸ್ಟರ್ ನನ್ನ ಹಿಂದೆ ನಿಲ್ಲುವುದನ್ನು ಬಿಟ್ಟು ತಮ್ಮ ಕೆಲಸಕ್ಕೆ ಹೋದರು. ಆ ದಿನ ನನಗಾದ ಸಂತೋಷ ಮೊದಲ ಸಂಬಳದ ದಿನವೂ ಆಗಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಆಗುವವರಿಗೆಲ್ಲ ಅವರವರ ಪೆಟ್ಟಿಗೆ, ಅವರವರ ಬೀಗ. ಆಗದವರಿಗೆ ಸಿಸ್ಟರ್ ಕೊಡುತ್ತಾರೆ, ಹೆಸರು ಕೇಳಿಯೇ ಕೊಡುತ್ತಾರೆ. ಮಾಚಯ್ಯನವರು ದಿನಾ ಬೇಕೆಂದೇ ಬೇರೆ ಬೇರೆ ಹೆಸರು ಹೇಳಿ ಬೈಸಿಕೊಳ್ಳುತ್ತಾರೆ.

ಅಧ್ಯಕ್ಷರೇ, ಚೀಟಿ ಕಳಿಸಬೇಡಿ, ಮುಗಿಸಿದೆ. ಬರೆದುಕೊಂಡು ಬಂದದ್ದರಲ್ಲಿ ಇನ್ನೂ ಎರಡು ಪುಟ ಉಳಿದಿದೆ, ಅದನ್ನು ಓದುವುದಿಲ್ಲ. ಈಗ ನನ್ನ ಮಧ್ಯಾಹ್ನದ ಗುಳಿಗೆಯ ಹೊತ್ತು. ದಯವಿಟ್ಟು ಎಲ್ಲರೂ ಸ್ವಲ್ಪ ಸಮಯ ಕೊಡಬೇಕು. ನಿಕಿತಾ, ಮೈಕನ್ನು ಹೀಗೇ ಹಿಡಿದುಕೊ, ಇನ್ನೇನೂ ಮಾಡಬೇಡ. ಯಾರೂ ಏಳಬೇಡಿ, ಯಾರೂ 'ಪಾಪ' ಎನ್ನಬೇಡಿ.

ಪೆಟ್ಟಿಗೆ ಮಡಿಲಲ್ಲಿದೆ, ಬೀಗದ ಕೈ ಕೊರಳಲ್ಲಿದೆ, ಹಲ್ಲಿನಲ್ಲಿ ಕಚ್ಚಿ ತಿರುಗಿಸಬೇಕು. ಹಾಂ... ತೆರೆಯಿತು. ಸ್ಟ್ರಿಪ್ಪಿನ ಮೇಲೆ ಗುಳಿಗೆಯ ಹೆಸರು ನೋಡಿದೆ, ನನ್ನದೇ ಗುಳಿಗೆ. ತಾರೀಖು ಸರಿ ಇದೆ. ಲೋಟ ಇಲ್ಲಿ, ಚಮಚ ಇಲ್ಲಿ... ತಡೆಯಿರಿ, ಜಾರಿತು. ಏಳಬೇಡ ಅಣ್ಣ, ಕೂತುಕೊ. ಜಾರುತ್ತದೆ, ಮತ್ತೆ ಇಡುತ್ತೇನೆ, ಅಷ್ಟೇ.

ಟಪ್. ಕೇಳಿಸಿತೇ? ಲೋಟದೊಳಗೇ ಬಿತ್ತು. ಚಪ್ಪಾಳೆ ಬೇಡ, ಇದು ಸರ್ಕಸ್ ಅಲ್ಲ.

ನುಂಗಲು ನೀರು ಬೇಕು. ನೀರಿನ ಬಾಟಲಿ ಅಲ್ಲಿ ಮೇಜಿನ ಮೇಲಿದೆ, ನನಗೆ ಎಟಕುವುದಿಲ್ಲ. ಅಣ್ಣಾ, ಈಗ ಏಳು. ನೀರು ನೀನು ಕೊಡು. ಬಾ, ಮೆಟ್ಟಿಲು ನೋಡಿಕೊಂಡು ಬಾ... ಸ್ವಲ್ಪ ಮೇಲಕ್ಕೆ. ಸಾಕು... ಸಾಕು ಅಣ್ಣ.

ಸಭಿಕರೇ, ಅಣ್ಣ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ. ಮೈಕಿಗೆ ಕೇಳಿಸಲಿಲ್ಲ, ನಾನು ಹೇಳುತ್ತೇನೆ. 'ಸೋಮವಾರ ರೈಲು ಎಷ್ಟು ಗಂಟೆಗೆ?' ಎಂದು ಕೇಳುತ್ತಿದ್ದಾನೆ.

ಲಿಸ್ಸಿ ಸಿಸ್ಟರ್‌ಗೆ, ಮಾಚಯ್ಯನವರಿಗೆ, ನನ್ನನ್ನು ಎತ್ತಿ ತಂದ, ಈಗ ಇಳಿಸಬೇಕಾದ ನಾಲ್ವರಿಗೆ, ತಮ್ಮ ಡ್ಯಾನ್ಸನ್ನು ಕಾಯಿಸಿಕೊಂಡ ಮಕ್ಕಳಿಗೆ, ನಿಮ್ಮೆಲ್ಲರಿಗೆ ನನ್ನ ಕೃತಜ್ಞತೆಗಳು. ಬೆರಳು ಮಡಚದ ಈ ಕೈಗಳನ್ನು ಜೋಡಿಸುವುದಕ್ಕೆ ಮಾತ್ರ ಏನೂ ತೊಂದರೆ ಇಲ್ಲ. ನಮಸ್ಕಾರ.